ಕಬನೂರಿನ ಒಂದು ‘ಹೋ’

ಬಸೂ ಹೇಳಿ ನನ್ನ ಮರ್ಯಾದೆ ತೆಗೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಬಸೂ ಮತ್ತು ಸುವರ್ಣಾನ ನಿಶ್ಚಯ, ಆಗುವ ಮೊದಲೇ ಮುರಿಯುವ ಮಟ್ಟಕ್ಕೆ ಬಂದದ್ದು ನನ್ನಿಂದ. ನನ್ನ ಬಾಯಿಂದ ಅಂದರೆ ಇನ್ನೂ ಖರೆ. ಬಾಕಿ ಮಂದಿ ಕೈಕಾಲು ಹಾಕಿ ಕೆಲಸ ಕೆಡಿಸುತ್ತಾರೆ. ನನಗೆ ಅಷ್ಟು ಕಷ್ಟ ಬೇಕಾಗುವುದಿಲ್ಲ, ತುಟಿ ಅಲುಗಿಸಿದರೆ ಸಾಕು.

ಹೋದ ತಿಂಗಳು ಅವರ ಮಗಳಿಗೆ ಹೆಸರಿಡುವ ಕಾರ್ಯವಿತ್ತು. ಕೊಲ್ಲಾಪುರದಿಂದ ಬಸ್ಸು ಹಿಡಿದು ಇಚಲಕರಂಜಿಗೆ ಹೊರಟೆ. ಕಬನೂರ ಬರುತ್ತಿದ್ದಂತೆ ಕಿಟಕಿಯಿಂದ ಗಂಜಿಯ ವಾಸನೆ ಒಳಗೆ ಬಂತು. ಸೈಜಿಂಗಿನಲ್ಲಿ ನೂಲು ಗಟ್ಟಿಯಾಗಲಿ ಅಂತ ಕುಡಿಸುತ್ತಾರಲ್ಲ, ಆ ಬಿಸಿ ಗಂಜಿ. ಮಳೆ ಬಿದ್ದ ದಿನ ಆ ವಾಸನೆ ಮೇಲಕ್ಕೆ ಏರುವುದಿಲ್ಲ, ರಸ್ತೆಯ ಮೇಲೇ ಅಡ್ಡ ಮಲಗಿರುತ್ತದೆ. ಪಕ್ಕದ ಸೀಟಿನ ಕಾಕೂ ಮೂಗಿಗೆ ಸೆರಗು ಹಿಡಿದಳು. ನಾನು ಮೂಗನ್ನು ಕಿಟಕಿಯ ಹೊರಗೆ ಹಾಕಿದೆ. ಈ ಹುಡುಗನಿಗೆ ಏನೋ ಕಮ್ಮಿ ಐತಿ ಅನ್ನುವಂತೆ ಆಕೆ ಸ್ವಲ್ಪ ಸರಿದು ಕುಂತಳು. ಆ ವಾಸನೆಯೊಳಗೆ ನನ್ನದೊಂದು ಇಡೀ ಮಳೆಗಾಲ ಸಿಕ್ಕಿಕೊಂಡಿದೆ ಅಂತ ಆಕೆಗೆ ಯಾರು ಹೇಳಬೇಕು?

ಆಗ ನಾನು ಕಬನೂರಿನ ಒಂದು ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಅನ್ನುವುದು ನನ್ನ ಮಾತು. ಮಗ್ಗಗಳೇ ಇವನನ್ನು ನಡೆಸುತ್ತವೆ ಅನ್ನುವುದು ಮಾಲಕರ ಮಾತು. ನನ್ನ ಖರೆ ಕಸಬು ನಕಲು ಮಾಡುವುದು. ಗಣಪತಿ ಬಂದರೆ ಮಂಡಳಗಳ ಸ್ಟೇಜಿಗೆ ನಾನು ಬೇಕು. ಸಿಡುಕಿನ ಕಂಡಕ್ಟರು, ಮೂಗಿನಲ್ಲಿ ಮಂತ್ರ ಹೇಳುವ ಅಯ್ಯಾ, ಲಗ್ನದಲ್ಲಿ ಮುನಿಸಿಕೊಂಡ ಬೀಗತಿ, ಕೆಟ್ಟ ಮೈಕು, ಎಲ್ಲ ಈ ಒಂದು ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ನನ್ನ ಸ್ವಂತ ದನಿ ಯಾವುದು ಅಂತ ಯಾರಾದರೂ ಕೇಳಿದರೆ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತಿತ್ತು.

ಅಂಥವನಿಗೆ ಮಗ್ಗದ ಶೆಡ್ಡು ಅಂದರೆ ಜೇಲು. ಅಲ್ಲಿ ದನಿಗೆ ಕಿಮ್ಮತ್ತಿಲ್ಲ. ಸಾಲಾಗಿ ಮಗ್ಗ ಬಡಿಯುವಾಗ ಕಿವಿಯ ಹತ್ತಿರ ಬಂದು ಕೂಗಿದರೂ ಗಾಳಿ ಊದಿದ ಹಾಗಷ್ಟೇ. ಹಾಗಾಗಿ ಒಳಗೆ ಎಲ್ಲರೂ ಮಾತಾಡುವುದು ತುಟಿಯಿಂದ ಮತ್ತು ಕೈಯಿಂದ. ಎಳೆ ಹರಿಯಿತು ಅಂದರೆ ಎರಡು ಬೆರಳು ಹೊಸೆದು ತೋರಿಸಬೇಕು. ಚಾ ಬಂತು ಅಂದರೆ ಹೆಬ್ಬೆರಳು ತುಟಿಗೆ. ಮಾಲಕರು ಬಂದರು ಅಂದರೆ ಮೀಸೆ ತಿರುವುವುದು. ನಮ್ಮ ಮಾಲಕರಿಗೆ ಮೀಸೆ ಇರಲಿಲ್ಲ, ಆದರೂ. ಉಳಿದದ್ದನ್ನೆಲ್ಲ ತುಟಿ ಅಗಲಿಸಿ, ದುಂಡಗೆ ಮಾಡಿ, ನಿಧಾನವಾಗಿ ಹೇಳಿದರೆ ನಾಲ್ಕು ಮಗ್ಗದ ಆಚೆ ಇದ್ದವನೂ ಓದಿಕೊಳ್ಳುತ್ತಿದ್ದ. ಹೊಸಬರಿಗೆ ಇದೆಲ್ಲ ಮೂಕರ ಸಂತೆ ಅನ್ನಿಸಬೇಕು.

ಮೂಕರ ಸಂತೆಯಲ್ಲೂ ನಾನು ಅಂಗಡಿ ತೆಗೆದೆ. ಒಳಗೆ ಯಾರು ಯಾರ ಕೂಡ ಏನು ಮಾತಾಡಿದರು ಅಂತ ತುಟಿ ನೋಡಿಟ್ಟುಕೊಂಡು, ಪಾಳಿ ಮುಗಿದು ಸುಟ್ಟಿಯಾದ ಮೇಲೆ ಚಾದ ಗಾಡಿಯ ಮುಂದೆ ಅವರವರ ದನಿ ಹಚ್ಚಿ ಆಡಿ ತೋರಿಸುವುದು. ಗಾಡಿಯ ಮರಾಠಿ ಮಾಮಾ ಕಪ್ಪು ತೊಳೆಯುತ್ತಲೇ, ಇವತ್ತು ಯಾವ ಪಿಕ್ಚರು ಅಂತ ಕೇಳುತ್ತಿದ್ದ, “ಕಾಯ ಮಲ್ಲೂ, ಆಜ ಕುಠಲಾ ಪಿಕ್ಚರ?” ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಯಾರ ಪಾಲಿಗೆ ಯಾವ ದನಿ ಹಚ್ಚಬೇಕು ಅನ್ನುವುದು ನನ್ನ ಖುಷಿ. ಒಮ್ಮೆ ಶೆಡ್ಡಿನೊಳಗೇ ಮಾಲಕರ ನಕಲು ಮಾಡುತ್ತ, ಹ್ಯಾಗೂ ಕೇಳುವುದಿಲ್ಲ ಅಂತ ಪೂರಾ ಗಂಟಲು ಬಿಟ್ಟು, “ಈ ಮಲ್ಯಾಗ ಪಗಾರ ಕೊಡೂದಕಿಂತ ಬಾವ್ಯಾಗ ಹಾಕೂದು ಛಲೋ” ಅಂತ ಕೂಗುತ್ತಿದ್ದೆ. ಕರೆಂಟು ಹೋಯಿತು. ಎಲ್ಲ ಮಗ್ಗ ಒಮ್ಮೆಲೇ ನಿಂತು, ಆ ‘ಛಲೋ’ ಒಂದೇ ಶೆಡ್ಡಿನ ತುಂಬ ಓಡಾಡಿತು. ಹಿಂದೆ ಮಾಲಕರು ನಿಂತಿದ್ದರು. “ಮಾತು ಖರೆ ಐತಿ” ಅಂದು ಹೋದರು.

ಇನ್ನು ಬಸೂ. ಅವನು ನಮ್ಮ ಶೆಡ್ಡಿನ ಜಾಬರ, ಅಂದರೆ ಮಗ್ಗಗಳ ಡಾಕ್ಟರು. ಗಡಹಿಂಗ್ಲಜದವನು. ಮನೆಯಲ್ಲಿ ಮೆಣಸಿನಕಾಯಿ ವ್ಯಾಪಾರ, ಅಪ್ಪ ತೀರಿದ ಮೇಲೆ ಪೇಟೆಯ ಅಂಗಡಿಯನ್ನು ಅವ್ವ ಗೌರವ್ವನೇ ನಡೆಸುತ್ತಿದ್ದಳು. ಒಬ್ಬನೇ ಮಗ ಗಾದಿಯ ಮೇಲೆ ಕುಂದ್ರಬೇಕಾದವನು, ಆದರೆ ಮೆಣಸಿನಕಾಯಿ ಚೀಲ ಬಿಚ್ಚಿದರೆ ಅವನಿಗೆ ಸೀನು ಹತ್ತುತ್ತಿತ್ತು. ಗಿರಾಕಿ ಭಾವ ಕೇಳಿದರೆ ಉತ್ತರಕ್ಕೆ ಮೊದಲು ಸೀನು. ಹೀಗೆ ಸೀನಿ ಸೀನಿ ಊರು ಬಿಟ್ಟು ಬಂದು ಮಗ್ಗ ರಿಪೇರಿ ಕಲಿತ. ಮಾತು ಕಮ್ಮಿ. ಸುಮ್ಮನಿರುವ ಜಾಗದಲ್ಲಂತೂ ಅವನ ಬಾಯಿಯೇ ತೆರೆಯುತ್ತಿರಲಿಲ್ಲ. ಮಗ್ಗದ ಗದ್ದಲದೊಳಗೆ ಮಾತ್ರ ಅವನಿಗೆ ಧೈರ್ಯ ಬರುತ್ತಿತ್ತು, ಯಾಕೆಂದರೆ ಅಲ್ಲಿ ಯಾರಿಗೂ ಏನೂ ಕೇಳುವುದಿಲ್ಲ.

ಸುವರ್ಣಾ ಪಕ್ಕದ ಘಡಿ ಖೋಲಿಯಲ್ಲಿ ಕೆಲಸಕ್ಕಿದ್ದಳು. ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ ಅಲ್ಲಿ ಸುಣ್ಣದ ಕಡ್ಡಿಯಿಂದ ದುಂಡಗೆ ಗುರುತು ಮಾಡಿ, ಮಡಿಸಿ ಇಡುವುದು. ಆಕೆಯ ಅಪ್ಪ ಈರಪ್ಪ ಕಾಕಾ ನಮ್ಮ ಶೆಡ್ಡಿನಲ್ಲೇ ನೇಕಾರ, ರಬಕವಿ ಕಡೆಯಿಂದ ಹುಡುಗನಿದ್ದಾಗ ಬಂದವನು. ಮಗ್ಗದ ಸಪ್ಪಳ ಕೇಳಿ ಕೇಳಿ ಅವನ ಕಿವಿ ಬಹುತೇಕ ಹೋಗಿತ್ತು. ತನಗೆ ಕೇಳಲಿ ಅಂತ ಅವನು ಮಾತಾಡುತ್ತಿದ್ದ ದನಿಗೆ ಪಕ್ಕದ ಊರು ಯಡ್ರಾವದಲ್ಲಿ ನಾಯಿ ಬೊಗಳುತ್ತಿದ್ದವು.

ಬೇಸಿಗೆ ಮುಗಿಯುವ ಹೊತ್ತಿಗೆ ನಾನೊಂದು ವಿಷಯ ನೋಡಿದೆ. ಸುವರ್ಣಾ ತಪ್ಪು ಸಿಕ್ಕ ಬಟ್ಟೆ ಹಿಡಿದು ಶೆಡ್ಡಿನೊಳಗೆ ಬಂದು ಬಸೂನ ಮುಂದೆ ನಿಂತು ಗುರುತು ತೋರಿಸುತ್ತಿದ್ದಳು. ಬಸೂ ಆ ಮಗ್ಗ ಬಿಚ್ಚಿ ಸರಿ ಮಾಡುತ್ತಿದ್ದ. ಇದು ಅವರವರ ಕೆಲಸ, ಇದರಲ್ಲಿ ಪಿಕ್ಚರ್ ಏನೂ ಇಲ್ಲ. ಆದರೆ ಬರಬರುತ್ತ ತಪ್ಪುಗಳು ಕಮ್ಮಿಯಾದವು, ಆಕೆ ಬರುವುದು ಕಮ್ಮಿಯಾಗಲಿಲ್ಲ. ಒಂದು ದಿನ ಆಕೆ ತಂದ ಬಟ್ಟೆಯ ಗುರುತಿನೊಳಗೆ ಬಸೂ ಎಷ್ಟು ನೋಡಿದರೂ ಏನೂ ಸಿಗಲಿಲ್ಲ. ಬ್ಯಾಟರಿ ಹಚ್ಚಿ ನೋಡಿದ. ಬೆರಳಿನಿಂದ ಸವರಿದ. ಕೊನೆಗೆ ತುಟಿ ಅಲುಗಿಸಿದ, “ಇಲ್ಲೇನೈತಿ?”

ಆಕೆಯ ತುಟಿ ಹೇಳಿತು, “ಏನಿಲ್ಲ. ಛಲೋ ಆಗೇತಿ, ನೋಡ್ಲಿ ಅಂತ ತಂದೆ.”

ಅಂದು ಸಂಜೆಯ ತನಕ ಬಸೂ ಯಾವ ಮಗ್ಗಕ್ಕೆ ಯಾವ ನಟ್ಟು ಹಾಕಿದನೋ ಅವನಿಗೇ ಗೊತ್ತಿಲ್ಲ. ನನ್ನ ಒಂದು ಮಗ್ಗ ಅಂದಿನಿಂದ ಕುಂಟತೊಡಗಿತು.

ಆಮೇಲೆ ಮಳೆ ಹಿಡಿಯಿತು. ಚಾವಣಿಯ ತಗಡಿನ ಪತ್ರಾದ ಮೇಲೆ ನೀರು, ಕೆಳಗೆ ಮಗ್ಗ. ಎರಡರ ಗದ್ದಲದ ನಡುವೆ ಇವರಿಬ್ಬರ ಮಾತು ಬೆಳೆಯಿತು. ಹೊರಗೆ ಓಣಿಯಲ್ಲಿ ಎದುರಾದರೆ ಬಸೂ ಗೋಡೆಯ ಕಡೆ ನೋಡಿಕೊಂಡು ಹೋಗುತ್ತಿದ್ದ. ಸುವರ್ಣಾನ ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಈರಪ್ಪ ಕಾಕಾನ ಕಿಸೆಯಲ್ಲಿ. ಹಾಗಾಗಿ ಅವರ ಪ್ರೀತಿಯೆಲ್ಲ ಶೆಡ್ಡಿನೊಳಗೆ, ಎಲ್ಲರ ಕಣ್ಣೆದುರಿಗೆ, ಯಾರಿಗೂ ಕೇಳದಂತೆ ನಡೆಯಿತು. ಏನು ಊಟ ಮಾಡಿದಿ, ಅಂಗಿಯ ಗುಂಡಿ ಯಾಕೆ ಹರಿದೈತಿ, ನೆಗಡಿ ಬಂದೈತೇನು. ಇಂಥವೇ. ನಾನು ಓದಿದ್ದನ್ನು ಸಂಜೆ ಬಸೂನ ಖೋಲಿಯಲ್ಲಿ ಅವನ ಮುಂದೆಯೇ ಸುವರ್ಣಾನ ದನಿಯಲ್ಲಿ ಆಡಿ ತೋರಿಸುತ್ತಿದ್ದೆ. ಅವನು ಕೆಂಪಗಾಗಿ, “ಸಾಕೋ ಮಲ್ಯಾ” ಅನ್ನುತ್ತಿದ್ದ. ಮರುಕ್ಷಣ, “ಆ ಗುಂಡಿದ್ದು ಇನ್ನೊಮ್ಮೆ ಅನ್ನು” ಅನ್ನುತ್ತಿದ್ದ.

ಇಲ್ಲೇ ನಾನು ತಿಳಿದುಕೊಳ್ಳಬೇಕಿತ್ತು. ಆಕೆ ಮಾತಾಡುವುದನ್ನು ಅವನು ದಿನಾ ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಅವನ ಪಾಲಿಗೆ ಸುವರ್ಣಾನ ತುಟಿ ಸುವರ್ಣಾನ ಹತ್ತಿರ ಇತ್ತು, ದನಿ ನನ್ನ ಹತ್ತಿರ ಇತ್ತು.

ಆಷಾಢ ನಡೆದಿತ್ತು. ಗೌರವ್ವ ಊರಿಂದ ಫೋನು ಮಾಡಿದಳು. ಕೊಲ್ಲಾಪುರದಲ್ಲಿರುವ ತನ್ನ ಅಣ್ಣನ ಮಗಳನ್ನು ಮಗನಿಗೆ ತರುವ ವಿಚಾರ, ಆಷಾಢ ಮುಗಿಯುತ್ತಲೂ ನಿಶ್ಚಯ, ಅದಕ್ಕೆ ಮೊದಲೇ ಮಾತು ಕೊಡುವುದು, ಏನಾದರೂ ಹೇಳುವುದಿದ್ದರೆ ಈಗಲೇ ಹೇಳು. ಬಸೂ ಸುಮ್ಮನೆ ಫೋನು ಇಟ್ಟು ನನ್ನ ಮುಂದೆ ಬಂದು ಕುಂತ. ಸುವರ್ಣಾನ ಹೆಸರು ಅವ್ವನ ಮುಂದೆ ಹೇಳಬೇಕು, ಆದರೆ ಆಕೆಯನ್ನು ಕೇಳದೆ ಹೇಗೆ ಹೇಳುವುದು? ಕೇಳು ಅಂದೆ. ಎಲ್ಲಿ ಕೇಳಲಿ ಅಂದ. ಅವನಿಗೆ ಬಾಯಿ ಬರುವ ಜಾಗ ಒಂದೇ ಇತ್ತು.

ಮರುದಿನ ಸುಟ್ಟಿಯ ಹೊತ್ತಿಗೆ ಸುವರ್ಣಾ ಛತ್ರಿ ಬಿಚ್ಚಿಕೊಂಡು ಶೆಡ್ಡಿನ ಆಚೆ ಬಾಗಿಲಲ್ಲಿ ನಿಂತಿದ್ದಳು. ನಡುವೆ ಮಗ್ಗಗಳ ಸಾಲು. ಬಸೂ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು, ಅಂಗಿಗೆ ಕೈ ಒರೆಸಿ, ಪ್ರತಿ ಅಕ್ಷರ ತುಟಿಯ ಮೇಲೆ ಇಟ್ಟು ತೋರಿಸಿ ಕೇಳಿದ, “ನಮ್ಮ ಅವ್ವನ ಮುಂದ ನಿನ್ನ ಹೆಸರು ಹೇಳ್ಲೇನು?”

ಸುವರ್ಣಾ ನೋಡಿದಳು. ತುಟಿ ದುಂಡಗೆ ಮಾಡಿದಳು. “ಹೋ.” ಅಷ್ಟೇ. ಛತ್ರಿ ಅಡ್ಡ ಹಿಡಿದು ಮಳೆಯೊಳಗೆ ಓಡಿಹೋದಳು.

ಬಸೂ ನನ್ನ ಕಡೆ ತಿರುಗಿದ. ಅವನ ತುಟಿ ಕೇಳಿತು, “ಏನಂದ್ಲು?”

ನೋಡ್ರಿ, ನಮ್ಮ ಕಡೆ ಒಬ್ಬ ಹುಡುಗಿ ಹುಡುಗನಿಗೆ ಹೋಗೋ, ಹೋಗ ಅಂದರೆ ಅರ್ಥ ಎಲ್ಲರಿಗೂ ಗೊತ್ತು. ತುಟಿ ಓದುವಾಗ ‘ಹೋಗ’ ಅಂದರೂ ಕಣ್ಣಿಗೆ ಕಾಣುವುದು ‘ಹೋ’ ಒಂದೇ, ಆ ‘ಗ’ ಗಂಟಲೊಳಗೇ ಉಳಿಯುತ್ತದೆ. ಮೇಲೆ ಆಕೆ ಓಡಿಹೋದಳು. ಒಪ್ಪಿದವರು ಯಾಕೆ ಓಡುತ್ತಾರೆ? ಇಷ್ಟೆಲ್ಲ ವಿಚಾರ ಮಾಡಿದೆ ಅಂತಲೂ ಅಲ್ಲ. ಹೊರಗೆ ಬಂದರೆ ಚಾದ ಗಾಡಿಯ ಹತ್ತಿರ ಮಂದಿ ಕೂಡಿದ್ದರು, ಬಸೂ ಇನ್ನೊಮ್ಮೆ ಮೆಲ್ಲಗೆ “ಏನಂದ್ಲೋ?” ಅಂದ. ಮಾಮಾ “ಆಜ ಕುಠಲಾ ಪಿಕ್ಚರ?” ಅಂದ. ನನಗೆ ಸ್ಟೇಜು ಸಿಕ್ಕಿತು. ಸೊಂಟದ ಮೇಲೆ ಕೈ ಇಟ್ಟು, ಮೂಗು ಮೇಲೆ ಮಾಡಿ, ಸುವರ್ಣಾನ ದನಿಯಲ್ಲಿ, ಆಕೆ ಅನ್ನದೇ ಇದ್ದದ್ದನ್ನೂ ಸೇರಿಸಿ ಅಂದೆ:

“ಹೋಗೋ, ಹೋಗ. ಕನ್ನಡ್ಯಾಗ ಮಾರಿ ನೋಡ್ಕೊಂಡಿಯೇನು? ಮೆಣಸಿನಕಾಯಿ ಮುಂದ ನಿಂದ್ರಾಕ ಆಗಂಗಿಲ್ಲ, ಹೇಣ್ತಿ ಮುಂದ ನಿಂದರತಾನಂತ.”

ಇಡೀ ಗಾಡಿ ನಕ್ಕಿತು. ಬಸೂನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಬಸೂ ಜೋರಾಗಿ ನಗುವವನಲ್ಲ. ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ, ಯಾಕೆಂದರೆ ನಾನು ಇನ್ನೊಂದು ಸಲ ಆಡಿ ತೋರಿಸುವುದರಲ್ಲಿದ್ದೆ.

ಮರುದಿನ ಬಸೂ ಕೆಲಸಕ್ಕೆ ಬರಲಿಲ್ಲ. ಖೋಲಿಗೆ ಕೀಲಿ. ಫೋನು ಬಂದ್. ಪಾನಾ ಪೆಟ್ಟಿಗೆಯನ್ನು ಮಾಲಕರ ಹತ್ತಿರ ಕೊಟ್ಟು ಊರಿಗೆ ಹೋಗಿದ್ದ.

ಅಂದಿನಿಂದ ನನ್ನ ಮಗ್ಗದ ಬಟ್ಟೆಯಲ್ಲಿ ತಪ್ಪುಗಳ ಮಳೆ. ಮಡಿಕೆ ಬಿಚ್ಚಿದರೆ ಸಾಕು, ಒಂದರ ಪಕ್ಕ ಒಂದು ಸುಣ್ಣದ ದುಂಡು, ಚಿಕನ್‌ಪಾಕ್ಸ್ ಬಂದ ಮಗುವಿನ ಮೈಯ ಹಾಗೆ. ಮಾಲಕರು ಕರೆದು ಬೈದರು. ಘಡಿ ಖೋಲಿಗೆ ಹೋದೆ. ಸುವರ್ಣಾ ಬಟ್ಟೆಯಿಂದ ಕಣ್ಣು ಎತ್ತಲಿಲ್ಲ.

“ಬಸೂ ಎಲ್ಲಿ?”

“ಊರಿಗೆ ಹೋಗ್ಯಾನ.”

“ಯಾಕ?”

“ಅದನ್ನ ನೀ ಕೇಳತೀಯೇನವಾ? ನೀನ ಹೋಗಂದಿ, ಹೋದ.”

“ನಾ ಯಾವಾಗ ಹೋಗಂದೆ?”

“ಬಾಗಲಾಗ, ಛತ್ರಿ ಹಿಡಕೊಂಡು. ಹೋ ಅನ್ಲಿಲ್ಲೇನು?”

“ಅಂದೆ. ಹೋ ಅಂದೆ.”

“ಮತ್ತ ನಾ ಏನ್ ಹೇಳಾಕತ್ತೇನಿ?”

“ಏ ಖೋಡಿ, ಹೋ ಅಂದ್ರ ಹೋ.”

“ಹೌದು, ಹೋ ಅಂದ್ರ ಹೋಗ.”

“ಹೋ ಅಂದ್ರ ಹೂಂ.”

ಹೋ. ಮರಾಠಿಯ ಹೋ. ದಿನ ಬೆಳಗಾದರೆ ಗಾಡಿಯ ಮಾಮಾನಿಂದ ಹಿಡಿದು ಮಾಲಕರ ತನಕ ಎಲ್ಲರೂ ಅನ್ನುವ ಹೋ, ಅಂದರೆ ಹೌದು. ನಮ್ಮ ಊರಿನ ಬಾಯಿಯಲ್ಲಿ ಎರಡೂ ಭಾಷೆ ಒಂದೇ ತಾಟಿನಲ್ಲಿ ಉಣ್ಣುತ್ತವೆ, ಯಾವ ತುತ್ತು ಯಾರದು ಅಂತ ಯಾರೂ ನೋಡುವುದಿಲ್ಲ.

“ಕನ್ನಡದಾಗ ಕೇಳಿದ್ದಕ್ಕ ಮರಾಠ್ಯಾಗ ಯಾಕ ಹೇಳಿದಿ? ಹೂಂ ಅನ್ನಾಕ ಏನ್ ಧಾಡಿ ಆಗಿತ್ತ?” ಅಂದೆ.

ಆಕೆ ಸುಣ್ಣದ ಕಡ್ಡಿ ಕೆಳಗಿಟ್ಟಳು. “ಹೂಂ ಅಂದ್ರ ತುಟಿ ಮುಚ್ಚಿರತೈತಿ. ಅಷ್ಟ ದೂರ ನಿಂತಾಂವಗ ಮುಚ್ಚಿದ ಬಾಯಿ ಹೆಂಗ ಕಾಣಬೇಕ? ಸುಮ್ನ ನಿಂತಾಳ ಅಂತ ತಿಳ್ಕೋತಿದ್ದ. ಅದಕ್ಕ ಹೋ ಅಂದೆ, ಬಾಯಿ ಬಿಟ್ಟು, ಕಾಣೂ ಹಂಗ.”

ಅಂದು ನನಗೆ ಗೊತ್ತಾಯಿತು, ಇಡೀ ಶೆಡ್ಡಿನಲ್ಲಿ ವಿಚಾರ ಮಾಡಿ ಮಾತಾಡಿದವಳು ಆಕೆ ಒಬ್ಬಳೇ. ಓಡಿದ್ದು ಯಾಕೆ ಅಂತಲೂ ಕೇಳಿದೆ. “ನಾಚಿಕಿ ಬಂತು. ನಿನಗ ಬರೂದಿಲ್ಲ, ಹಂಗಂತ ಯಾರಿಗೂ ಬರಬಾರದೇನು?” ಅಂದಳು. ಕಣ್ಣಲ್ಲಿ ನೀರು ಬಂದಿತ್ತು. ಆಕೆಗೆ ಅವನ ಊರಿನ ಹೆಸರು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ತಾನೇ ಕೇಳಿ, ಆಕೆ ಒಪ್ಪಿದ ಮೇಲೆ ಓಡಿಹೋದ ಹುಡುಗ ಅಂತ ಇಷ್ಟು ದಿನ ಅವನನ್ನು ತಿಳಿದಿದ್ದಳು, ಆ ಸಿಟ್ಟೇ ಅವನ ಗೆಳೆಯನ ಬಟ್ಟೆಯ ಮೇಲೆ ಇಳಿದಿತ್ತು. ಆಷಾಢ ಮುಗಿಯಲು ಬಂದಿತ್ತು.

ಗಡಹಿಂಗ್ಲಜಕ್ಕೆ ಹೊರಟೆ. ಬಸ್ಸು ನಿಪ್ಪಾಣಿ, ಸಂಕೇಶ್ವರ ಅಂತ ಹೋಗುತ್ತದೆ. ನಡುವೆ ಸ್ವಲ್ಪ ಹೊತ್ತು ಅಂಗಡಿಗಳ ಬೋರ್ಡು ಕನ್ನಡವಾಗುತ್ತವೆ, ಮತ್ತೆ ಮರಾಠಿಯಾಗುತ್ತವೆ. ನನ್ನಂಥ ನಾಲಿಗೆಗೆ ಹೇಳಿ ಮಾಡಿಸಿದ ರಸ್ತೆ. ಆದರೆ ಆ ದಿನ ಕಂಡಕ್ಟರನ ನಕಲು ಮಾಡುವ ಮನಸ್ಸೂ ಬರಲಿಲ್ಲ. ಹಿರಣ್ಯಕೇಶಿ ಹೊಳೆ ಕೆಂಪಗೆ, ದಂಡೆ ಮುಟ್ಟಿ ಹರಿಯುತ್ತಿತ್ತು.

ಬಸೂ ಅಂಗಡಿಯ ಗಾದಿಯ ಮೇಲೆ ಮೂಗಿಗೆ ವಸ್ತ್ರ ಕಟ್ಟಿಕೊಂಡು ಕುಂತಿದ್ದ. ಕಣ್ಣು ಕೆಂಪು. ಮೆಣಸಿನಕಾಯಿಗೋ ಬೇರೆ ಯಾತಕ್ಕೋ, ಕೇಳಲಿಲ್ಲ. ನಾನು ಎಲ್ಲ ಹೇಳಿದೆ. ಹೋ ಅಂದರೆ ಹೂಂ, ನಾ ತಪ್ಪು ಓದಿದೆ, ಕನ್ನಡಿ ಮತ್ತು ಮೆಣಸಿನಕಾಯಿಯ ಮಾತು ನನ್ನವು, ಆಕೆ ಅಂದಿಲ್ಲ. ಅವನು ಪೂರಾ ಕೇಳಿಸಿಕೊಂಡು, ಒಮ್ಮೆ ಸೀನಿ, ಅಂದ:

“ಈಗ ಯಾರ ದನ್ಯಾಗ ಮಾತಾಡಾಕತ್ತೀ ಮಲ್ಯಾ?”

“ನನ್ನ ದನ್ಯಾಗೋ.”

“ಅದ್ಯಾವುದು? ನಾ ಕೇಳಿಲ್ಲ.”

ನನ್ನ ಜನ್ಮದಲ್ಲಿ ಅಷ್ಟು ಬರೋಬರಿ ಜಾಗಕ್ಕೆ ಯಾರೂ ಹೊಡೆದಿರಲಿಲ್ಲ. ಸಾವಿರ ಮಂದಿಯ ದನಿ ಸಾಕಿದವನ ಹತ್ತಿರ ಬೇಕಾದಾಗ ಒಂದು ನಂಬುವಂಥ ದನಿ ಇರಲಿಲ್ಲ. ಸುವರ್ಣಾನ ಹತ್ತಿರವೇ ಮಾತಾಡಿಸುತ್ತೇನೆ ಅಂತ ಈರಪ್ಪ ಕಾಕಾನ ಫೋನಿಗೆ ವಿಡಿಯೋ ಕಾಲು ಹಚ್ಚಿದೆ. ಹಾದಿ ಕಾಯುತ್ತ ಅಪ್ಪನ ಫೋನು ಇಸಿದುಕೊಂಡಿದ್ದ ಆಕೆಯೇ ಎತ್ತಿದಳು. ಮಳೆಗೆ ನೆಟ್‌ವರ್ಕು ಅಳುತ್ತಿತ್ತು, ದನಿ ಬರಲೇ ಇಲ್ಲ. ಬಸೂ ನೋಡುತ್ತಿದ್ದಂತೆ ಆಕೆ ತುಟಿ ದುಂಡಗೆ ಮಾಡಿದಳು, ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು. ದುಂಡು ಬಾಯಿ, ಅಗಲ ಕಣ್ಣು. ಹೋ. ಯಾವ ಹೋ ಅಂತ ದೇವರೇ ಹೇಳಬೇಕು.

“ಯಾರೋ ಇಕಿ? ಬಾಯಿ ತಕ್ಕೊಂಡು ನಿಂತಾಳಲ್ಲ,” ಅಂತ ಹಿಂದಿನಿಂದ ದನಿ ಬಂತು. ಗೌರವ್ವ ಚೀಲಗಳ ಸಂದಿಯಿಂದ ಎದ್ದು ಬಂದಿದ್ದಳು. ಗಟ್ಟಿ ಹೆಂಗಸು, ಮೆಣಸಿನಕಾಯಿಯ ದೇಟು ಮುರಿದು ಮೂಸಿ ಊರು ಹೇಳುವವಳು. ಎಲ್ಲ ಕೇಳಿದ್ದಳು. ಮಗನನ್ನು ನೋಡಿದಳು. “ನನ್ನ ಮುಂದ ಹೇಳಾಕ ಆ ಹುಡಿಗಿ ಪರವಾನಗಿ ಬೇಕಾತೇನೋ ನಿನಗ? ಸೀನಿದ್ರ ಹೇಳ್ತಿ, ಇದನ್ನ ಹೇಳಂಗಿಲ್ಲ.” ಆಮೇಲೆ ನನ್ನನ್ನು. “ನಾಳಿ ನಾವು ಕೊಲ್ಲಾಪುರಕ್ಕ ನಮ್ಮ ಅಣ್ಣನ ಮನಿಗೆ ಹೊಂಟೇವಿ, ಮಾತು ಕೊಡಾಕ. ಆ ಹುಡಿಗಿ ಕಡಿಯವರಿಗೆ ಏನರೆ ಹೇಳೂದಿದ್ರ ಅಲ್ಲಿ ಸ್ಟ್ಯಾಂಡಿಗೆ ಬರಲಿ. ಫೋನು ಬ್ಯಾಡ. ನೀ ಇರ್ತನಕ ಫೋನಿನ ದನಿ ನಂಬಾಕ ಬರಂಗಿಲ್ಲ.”

ಈರಪ್ಪ ಕಾಕಾನ ಫೋನಿಗೇ ಸುವರ್ಣಾನ ಹೆಸರಿಗೆ ಮೆಸೇಜು ಕಳಿಸಿದೆ. ಮುಟ್ಟಿತು ಅನ್ನುವ ಎರಡು ಗೀಟು ಬಂತು, ಉತ್ತರ ಬರಲಿಲ್ಲ.

ಮರುದಿನ ಬಸ್ಸಿನಲ್ಲಿ ಗೌರವ್ವ ನನ್ನನ್ನು ಹಿಂದಿನ ಸೀಟಿಗೆ ಕಳಿಸಿದಳು, ಬಾಯಿ ದೂರ ಇರಲಿ ಅಂತ. ಶಿರೋಳದ ಕಡೆ ಕಬ್ಬಿನೊಳಗೆ ನೀರು ನಿಂತಿದೆ, ಇಚಲಕರಂಜಿಯ ಬಸ್ಸು ಸುತ್ತು ಹಾಕಿ ಬರುತ್ತಿವೆ ಅಂತ ಮಂದಿ ಮಾತಾಡುತ್ತಿದ್ದರು. ನಾನು ದಾರಿಯುದ್ದಕ್ಕೂ ಬಸೂನ ಬೆನ್ನು ನೋಡುತ್ತ ಕುಂತೆ. ನಕಲು ಮಾಡಲು ಬಾರದ ಒಂದೇ ಸಂಗತಿ ಅದು, ನೊಂದವನ ಬೆನ್ನು.

ಕೊಲ್ಲಾಪುರ ಸ್ಟ್ಯಾಂಡಿನಲ್ಲಿ ಇಳಿದರೆ ಯಾರೂ ಇಲ್ಲ. ಗೌರವ್ವ ಸ್ವಲ್ಪ ಹೊತ್ತು ನಿಂತಳು, ನಡಿ ಅಂದಳು. ಮೂವರೂ ರಿಕ್ಷಾದ ಹತ್ತಿರ ಬಂದಿದ್ದೆವು. ಆಗ ಸ್ಟ್ಯಾಂಡಿನ ಆ ತುದಿಯಿಂದ ಒಂದು ದನಿ ಬಂತು, ಬಸ್ಸು ಕೂಗುವ ಮೈಕಿನ ಬಾಯಿ ಮುಚ್ಚಿಸುವಂಥದು.

“ಮಲ್ಯಾ! ನಿಂದ್ರೋ!”

ಈರಪ್ಪ ಕಾಕಾ. ಮೊಣಕಾಲ ತನಕ ಒದ್ದೆ, ಹೆಗಲ ಮೇಲೆ ಟವೆಲು. ಗೌರವ್ವನ ಮುಂದೆ ಬಂದು ಕೈ ಮುಗಿದು, “ನನ್ನ ಮಗಳು ನಿಮ್ಮ ಮಗಗ ಹೋ ಅಂದಾಳ್ರಿ,” ಅಂದ. ಕರಾಡದ ಬಸ್ಸು ಹತ್ತುತ್ತಿದ್ದ ಮಂದಿ ಇಳಿದು ನೋಡಿದರು.

“ಮೆಲ್ಲಕ ಮಾತಾಡ್ರಿ,” ಅಂದಳು ಗೌರವ್ವ.

“ಮೆಲ್ಲಕ ಮಾತಾಡಾಕತ್ತೇನ್ರಿ.”

“ನಿಮಗ ಹೆಂಗ ಗೊತ್ತಾತು? ಮಗಳು ಹೇಳಿದ್ಲೇನು?”

“ಆಕಿ ನಿನ್ನೆ ಹೇಳಿದ್ಲು. ನನಗ ಅವತ್ತ ಗೊತ್ತಿತ್ತು. ನಾ ನಡುವಿನ ಮಗ್ಗದ ಮ್ಯಾಲ ಇದ್ದೆ. ಇಂವ ಕೇಳಿದ್ದೂ ನೋಡೀನಿ, ಆಕಿ ಅಂದದ್ದೂ ನೋಡೀನಿ. ಅದಕೂ ಮೊದಲ ಅಂಗಿ ಗುಂಡಿದ್ದು, ನೆಗಡಿದ್ದು, ಎಲ್ಲಾ ನೋಡೀನಿ. ನನಗ ಕಿವಿ ಇಲ್ಲ ಅಂತ ಇವರಿಬ್ಬರು ನನ್ನ ಕಣ್ಣೂ ಲೆಕ್ಕಕ್ಕ ಹಿಡೀಲಿಲ್ಲ.”

ಬಸೂ ರಿಕ್ಷಾದ ಹಿಂದೆ ಹೋಗಿ ನಿಂತ. ಅವನ ಕಿವಿಯ ಬಣ್ಣ ಅವರ ಅಂಗಡಿಯಲ್ಲಿ ಒಳ್ಳೆ ಭಾವಕ್ಕೆ ಹೋಗುತ್ತಿತ್ತು.

“ಗೊತ್ತಿದ್ದ ಮ್ಯಾಲ ಇಷ್ಟ ದಿನ ಸುಮ್ನ ಯಾಕ ಕುಂತ್ರಿ?” ಅಂತ ಗೌರವ್ವ ಕೇಳಿದಳು.

“ಹುಡುಗಿ ಅಪ್ಪ ನಾ. ಹುಡುಗನ ಕಡಿಯವರು ಬರ್ತಾರ ಅಂತ ಹಾದಿ ಕಾದೆ. ಇಂವ ಊರಿಗೆ ಹ್ವಾದ, ಅವ್ವನ್ನ ಕರಕೊಂಡ ಬರಾಕ ಹೋಗ್ಯಾನ ಅಂತ ತಿಳದು ಮನಿಗೆ ಸುಣ್ಣಾ ಹಚ್ಚಿಸೀನಿ.”

ಗೌರವ್ವ ನಗಲಿಲ್ಲ, ಆದರೆ ಸೆರಗು ತುಟಿಗೆ ಹೋಯಿತು. “ನನ್ನ ಮಗ ನಂಬಿದ್ದು ಹೋಗ. ನೀವು ಓದಿದ್ದು ಹೂಂ. ಈ ಮಲ್ಯಾಂದು ಲೆಕ್ಕಕ್ಕಿಲ್ಲ. ನಾ ಓದಾಕ ಬರದಾಕಿ, ಕಿವೀಲೆ ಕೇಳಾಕಿ. ಅಣ್ಣನ ಮನಿಗೆ ಹೋಗಿ ಚಾ ಕುಡದ ಬರ್ತೀನಿ, ಮಾತು ಕೊಡಂಗಿಲ್ಲ. ನೀರು ಇಳೀಲಿ, ನಾನ ಬರ್ತೀನಿ. ಆ ಹುಡಿಗಿ ಬಾಯಲೆ ಕೇಳಿದ ಮ್ಯಾಲ ಉಳದದ್ದು.”

ನೀರು ಇಳಿಯಿತು. ಆಷಾಢವೂ ಮುಗಿಯಿತು. ಒಂದು ಬೆಳಿಗ್ಗೆ ಗೌರವ್ವ ಮಗನನ್ನು ಹಿಂದೆ ಹಾಕಿಕೊಂಡು ಸೀದಾ ಶೆಡ್ಡಿಗೇ ಬಂದಳು. ಕೈಚೀಲದಲ್ಲಿ ಸಕ್ಕರೆಯ ಪುಡಿಕೆ, ಕಾಯಿ, ಕುಪ್ಪಸದ ಖಣ. ಹುಡುಗಿ ಹೂಂ ಅಂದರೆ ಸಕ್ಕರೆ ಕೊಟ್ಟು ಮಾತು ಗಟ್ಟಿಮಾಡುವ ಸಾಖರಪುಡಾ ಅಲ್ಲೇ, ಇಲ್ಲದಿದ್ದರೆ ಸಕ್ಕರೆ ಮನೆಯ ಚಾಕ್ಕೆ ಆಗುತ್ತದೆ ಅಂತ ಬಾಗಿಲಲ್ಲೇ ಹೇಳಿದಳಂತೆ. ಆ ಸಕ್ಕರೆ ಚಾಕ್ಕೆ ಹೋಗಲಿಲ್ಲ. ಅಂದೇ ಘಡಿ ಖೋಲಿಯಲ್ಲಿ, ಮಡಿಸಿದ ಬಟ್ಟೆಯ ಗಂಟಿನ ಮೇಲೆ ಸುವರ್ಣಾನನ್ನು ಕೂರಿಸಿ ಉಡಿ ತುಂಬಿದರು. ಮಾಲಕರು ಪೇಢೆ ತರಿಸಿದರು. ಅದೇ ಶ್ರಾವಣದಲ್ಲಿ ಉಂಗುರದ ಶಾಸ್ತ್ರವೂ ಆಯಿತು. ಬಸೂ ನನ್ನ ಕುಂಟು ಮಗ್ಗವನ್ನು ರಿಪೇರಿ ಮಾಡಿಕೊಟ್ಟ, ಅಂದರೆ ಮಾಫಿ ಸಿಕ್ಕಿತು ಅಂತ ಅರ್ಥ. ಅಂದು ನಾನು ಮನೆಗೆ ಹೋಗಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು, ಇಷ್ಟು ಸುಮ್ಮನೆ ಯಾಕೆ ಉಣ್ಣುತ್ತಾನೆ ಅಂತ.

ಈಗ ನನ್ನ ದನಿ ಕೊಲ್ಲಾಪುರದಲ್ಲಿ ರಿಕ್ಷಾದ ಮೇಲೆ ತಿರುಗುತ್ತದೆ, ಸೀರೆ ಅಂಗಡಿಯ ಜಾಹೀರಾತು ಕೂಗುತ್ತ. ಸ್ವಂತ ದನಿ. ಅದನ್ನು ಹುಡುಕಿಕೊಳ್ಳಲು ಆ ಮಳೆಗಾಲ ಬೇಕಾಯಿತು.

ಆದರೆ ಸಕ್ಕರೆಯ ಪುಡಿಕೆ ಒಡೆಯುವ ಮೊದಲು ನಡೆದದ್ದನ್ನು ಹೇಳಲಿಲ್ಲ.

ಗೌರವ್ವ ಶೆಡ್ಡಿನೊಳಗೆ ಕಾಲಿಟ್ಟಾಗ ಎಲ್ಲ ಮಗ್ಗ ಬಡಿಯುತ್ತಿದ್ದವು. ಸುವರ್ಣಾನನ್ನು ಕರೆಸಿದರು. ಬಸೂ ತನ್ನ ಹಳೆಯ ಜಾಗದಲ್ಲಿ ನಿಂತ. ಗೌರವ್ವ ಏನೋ ಕೇಳಿದಳು, ಗದ್ದಲ ನುಂಗಿತು. ಇನ್ನೊಮ್ಮೆ ಕೂಗಿ ಕೇಳಿದಳು. ಸುವರ್ಣಾ ಉತ್ತರ ಕೊಟ್ಟಳು, ಅಭ್ಯಾಸಬಲದಿಂದ ತುಟಿಯಲ್ಲೇ. ಗೌರವ್ವ ನನ್ನ ಕಡೆ ತಿರುಗಿದಳು. ದನಿ ಕೇಳಲಿಲ್ಲ, ತುಟಿ ಕಂಡಿತು. “ಏನಂದ್ಲು?”

ಅದೇ ಪ್ರಶ್ನೆ. ಇಡೀ ಶೆಡ್ಡು ನನ್ನನ್ನು ನೋಡಿತು. ನಾನು ಎರಡೂ ಕೈ ಬಾಯಿಯ ಮೇಲೆ ಇಟ್ಟುಕೊಂಡೆ.

ಈರಪ್ಪ ಕಾಕಾ ತನ್ನ ಮಗ್ಗ ಬಿಟ್ಟು ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚು ಎಳೆದ. ಮಾಲಕರು ಮೀಸೆಯಿಲ್ಲದ ತುಟಿ ಕಚ್ಚಿಕೊಂಡರು. ಮಗ್ಗಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಪತ್ರಾದ ಮೇಲೆ ಮಳೆ ಇದೆ ಅನ್ನುವುದು ಆಗ ಗೊತ್ತಾಯಿತು.

“ನನ್ನ ಮಗಾ ನಿನ್ನ ಒಂದು ಮಾತು ಕೇಳಿದ್ನಂತ,” ಅಂದಳು ಗೌರವ್ವ. “ನೀ ಏನಂದಿ?”

ಸುವರ್ಣಾ ನೆಲ ನೋಡಿದಳು. ಬಸೂ ಆಕೆಯ ತುಟಿಯನ್ನೇ ನೋಡುತ್ತಿದ್ದ, ಈಗ ಕಿವಿಯೂ ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ಮರೆತು. ಮಳೆ ಸುರಿಯಿತು. ಇಷ್ಟು ಮೌನವನ್ನು ನನ್ನ ಬಾಯಿ ಹುಟ್ಟಿದಾಗಿನಿಂದ ತಡೆದುಕೊಂಡಿಲ್ಲ, ಕೈ ತಾನೇ ಕೆಳಗೆ ಬಂತು.

“ಅದ್ರಿ, ಆಕಿ ಅವತ್ತ ಹೋ ಅಂತ…”

ಸುವರ್ಣಾ ಸುಣ್ಣದ ಕಡ್ಡಿ ಹಿಡಿದ ಕೈಯನ್ನು ನನ್ನ ಮುಖದ ಮುಂದೆ ಎತ್ತಿ ನಿಲ್ಲಿಸಿದಳು. ತಲೆಯ ಮೇಲೆ ಓಢಣಿ ಎಳೆದುಕೊಂಡು ಗೌರವ್ವನ ಕಡೆ ತಿರುಗಿದಳು. ಬಸೂ ಮೊದಲ ಸಲ ಆಕೆಯ ದನಿಯನ್ನು ಆಕೆಯ ಬಾಯಿಂದಲೇ, ಪೂರಾ, ಸ್ಪಷ್ಟವಾಗಿ ಕೇಳಿದ.

“ಅತ್ತಿ, ಇವರಿಗೆ ನಾ ಹೋ ಅಂದೇನಿ. ಉಳದ ‘ಗ’ ಏನೈತಿ ಅದು ಮಲ್ಲೂಂದು, ತಗೊಂಡು ಹೊರಗ ನಡಿ ಅನ್ರಿ ಅವಗ.”